ಅಕ್ಕ ಕಟ್ಟಿದ ಹೆಡಿಗೆಯ ಬಾಯಿ

ನಾನು ಚಿಕ್ಕವನಿದ್ದಾಗ ಅಪ್ಪ ಒಂದು ಹೆಡಿಗೆಯನ್ನು ಬಚ್ಚಲ ಒಲೆಗೆ ಹಾಕಿ ಸುಟ್ಟರು. ಹೀಗೆಂದು ಬರೆದ ಮೇಲೆ ನನಗೇ ಅನುಮಾನ ಬಂತು, ಮಕ್ಕಳೇ. ನಿಜವಾಗಿ ಸುಟ್ಟರೇ? ಅಥವಾ ಇಷ್ಟು ವರ್ಷ ಒಳಗೇ ಕುದಿದ ನನ್ನ ಸಿಟ್ಟು ಆ ನೆನಪಿಗೆ ಬೆಂಕಿ ಇಟ್ಟಿತೇ? ನಾಲ್ಕಕ್ಷರ ಹೆಚ್ಚು ಓದಿದ್ದರಿಂದ ನನಗೆ ಬಂದ ಒಂದೇ ಬುದ್ಧಿ ಎಂದರೆ ನನ್ನ ನೆನಪನ್ನು ಪೂರ್ತಿ ನಂಬದಿರುವುದು. ಆ ದಿನದ ಸಾಕ್ಷಿ ಬೆಳ್ತಂಗಡಿಯಲ್ಲಿದ್ದಾಳೆ, ನನ್ನ ಅಕ್ಕ. ಅವಳ ಮಾತು ಆಮೇಲೆ ಬರುತ್ತದೆ. ಮೊದಲು ನನಗೆ ನೆನಪಿರುವಷ್ಟು ಹೇಳುತ್ತೇನೆ.

ಹೆಡಿಗೆ ಎಂದರೆ ಕಾಡಿನ ಬಳ್ಳಿಯಿಂದ ಹೆಣೆದ ದೊಡ್ಡ ಬುಟ್ಟಿ. ಬೆಳುವಾಯಿಯ ನಮ್ಮ ಮನೆಯಲ್ಲಿ ಅದಿಲ್ಲದೆ ಒಂದು ಕೆಲಸವೂ ಸಾಗುತ್ತಿರಲಿಲ್ಲ. ಗೊಬ್ಬರ, ಸೊಪ್ಪು, ಭತ್ತ ಎಲ್ಲವೂ ಹೆಡಿಗೆಯಲ್ಲೇ, ತಲೆಯ ಮೇಲೇ ಹೋಗಬೇಕು. ತಲೆಗೂ ಹೆಡಿಗೆಗೂ ನಡುವೆ ಹಳೇ ಬಟ್ಟೆಯ ಸಿಂಬೆ. ಗೊಬ್ಬರ ಹೊತ್ತ ಹೆಡಿಗೆಯನ್ನು ಸಂಜೆ ತೋಡಿನ ನೀರಿನಲ್ಲಿ ತೆಂಗಿನ ಸಿಪ್ಪೆ ಹಾಕಿ ಉಜ್ಜಿ, ನೆರಳಿನಲ್ಲಿ ಕವುಚಿ ಹಾಕಬೇಕು. ಬಿಸಿಲಿಗಿಟ್ಟರೆ ಬಳ್ಳಿ ಪಟಪಟನೆ ಮುರಿಯುತ್ತದೆ, ನೆಲದ ಮೇಲೆ ಬಿಟ್ಟರೆ ಗೆದ್ದಲು ತಿನ್ನುತ್ತದೆ. ಭತ್ತದ ಹೆಡಿಗೆ ಬೇರೆಯೇ. ಅದಕ್ಕೆ ಸೆಗಣಿ ಸಾರಿಸಿ, ಅಡುಗೆ ಒಲೆಯ ಮೇಲೆ ತೂಗುಹಾಕುತ್ತಿದ್ದರು. ಹೊಗೆ ಕುಡಿದ ಬಳ್ಳಿಗೆ ಹುಳ ಹಿಡಿಯುವುದಿಲ್ಲ. ಆ ಹೊಗೆಯ, ಸೆಗಣಿಯ, ಹೊಸ ಭತ್ತದ ವಾಸನೆ ಸೇರಿದ್ದೇ ನನಗೆ ಮನೆಯ ವಾಸನೆ. ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವಳು ಅಕ್ಕ. "ಬಾಯಿ ಹಿಡಿದು ಎತ್ತಬೇಡ ಮಾರಾಯ, ಹೊಟ್ಟೆ ಹಿಡಿದು ಎತ್ತು" ಎಂದು ನನ್ನ ಕೈಗೆ ಹೊಡೆಯುತ್ತಿದ್ದಳು. ಹೆಡಿಗೆಯಲ್ಲಿ ಮೊದಲು ಹೋಗುವುದೇ ಬಾಯಿಯ ಅಂಚು.

ಆ ವರ್ಷ ಎರಡನೇ ಬೆಳೆಗೆ ಗೊಬ್ಬರ ಹೊರುವ ಹೊತ್ತಿಗೆ ಅಕ್ಕನ ಹೆಡಿಗೆಯ ಬಾಯಿ ಬಿಚ್ಚಿಕೊಂಡಿತು. ಅಪ್ಪ ಮೂಡುಬಿದಿರೆಯ ಪೇಟೆಗೆ ಹೋಗಿದ್ದರು. ಅದೇ ಬೆಳಿಗ್ಗೆ ಬುಟ್ಟಿಯವಳು ಬಂದಳು. ನಮ್ಮ ಮನೆಯಲ್ಲಿ ಅವಳನ್ನು ಹಾಗೆಯೇ ಕರೆಯುತ್ತಿದ್ದರು. ಅಮ್ಮನಿಗಿಂತಲೂ ಹಿರಿಯ ಹೆಂಗಸು. ಅವಳು ಅಂಗಳದ ಅಂಚಿನ ಹಲಸಿನ ಮರದಿಂದ ಈಚೆ ಬರುವಂತಿರಲಿಲ್ಲ. ಅವಳು ತಂದ ಹೊಸ ಹೆಡಿಗೆಗೆ ನೀರು ಚಿಮುಕಿಸಿ ಒಳಗೆ ತರುತ್ತಿದ್ದರು. ಕೇಳಿ ಮಕ್ಕಳೇ, ನಾವು ಉಣ್ಣುವ ಅಕ್ಕಿ ಅವಳು ಹೆಣೆದ ಬುಟ್ಟಿಯಲ್ಲಿ. ಪೊಳಲಿಯ ದೇವಿಗೆ ಕೊಂಡೊಯ್ಯುವ ತೆಂಗಿನಕಾಯಿಯೂ ಅವಳು ಹೆಣೆದ ಬುಟ್ಟಿಯಲ್ಲಿ. ಬುಟ್ಟಿ ದೇವರ ಮುಂದೆ ಕೂರಬಹುದು, ಹೆಣೆದವಳು ನಮ್ಮ ಜಗಲಿಯಲ್ಲಿ ಕೂರಬಾರದು.

ಅಕ್ಕ ಹೆಡಿಗೆ ಎತ್ತಿಕೊಂಡು ನೇರ ಹಲಸಿನ ಮರದಡಿಗೆ ಹೋದಳು. "ಇದರ ಬಾಯಿ ಕಟ್ಟುವುದು ನನಗೆ ಕಲಿಸಿ" ಎಂದಳು. ಬುಟ್ಟಿಯವಳು ನಕ್ಕಳು. "ನಿಮ್ಮ ಬೆರಳಿಗೆ ಆಗುವ ಕೆಲಸ ಅಲ್ಲ ಅಮ್ಮ ಇದು."

"ಗೊಬ್ಬರ ಹೊರುವ ಬೆರಳಿಗೆ ಬಳ್ಳಿ ಎಳೆಯಲಿಕ್ಕೆ ಆಗುವುದಿಲ್ವಾ?"

ಇಬ್ಬರೂ ಎದುರುಬದುರು ಕೂತರು. ನೀರಿನಲ್ಲಿ ನೆನೆಸಿದ ಬಳ್ಳಿಯನ್ನು ಒಂದು ಕಡ್ಡಿಯ ಮುಂದಿನಿಂದ, ಇನ್ನೊಂದರ ಹಿಂದಿನಿಂದ ಎಳೆದು ಬಿಗಿಯುವುದು. ಅಕ್ಕನದು ಸಡಿಲವಾದಾಗಲೆಲ್ಲ ಬುಟ್ಟಿಯವಳು ಬಿಚ್ಚಿ ಪುನಃ ಕೈಗೆ ಕೊಡುತ್ತಿದ್ದಳು. ಅಕ್ಕನ ಬೆರಳು ಸಿಗಿದು ರಕ್ತ ಬಂತು. ಆದರೂ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಾಯಿ ಸುತ್ತಿಬಂತು. ಅಕ್ಕ ಒಳಗೆ ಓಡಿ, ನಾವೇ ಕುಡಿಯುವ ಕಂಚಿನ ಚೊಂಬಿನಲ್ಲಿ ನೀರು, ಒಂದು ಅಚ್ಚು ಬೆಲ್ಲ ತಂದಳು. "ಬಾಯಾರಿಕೆ ತೆಗೆದುಕೊಳ್ಳಿ ಅಕ್ಕ" ಎಂದಳು.

ಆಗಲೇ ಅಪ್ಪ ಅಂಗಳಕ್ಕೆ ಕಾಲಿಟ್ಟದ್ದು.

ಅವರು ರಕ್ತ ನೋಡಲಿಲ್ಲ, ಹೆಡಿಗೆ ನೋಡಲಿಲ್ಲ. ಅವರ ಕಿವಿಗೆ ಬಿದ್ದದ್ದು ಒಂದೇ ಶಬ್ದ. "ಯಾರೇ ನಿನಗೆ ಅಕ್ಕ? ಅಕ್ಕ ಅಂತೆ ಅಕ್ಕ! ನಾಳೆ ಮನೆಯೊಳಗೆ ಚಾವಡಿಯಲ್ಲಿ ಎಲೆ ಹಾಕಿ ಬಡಿಸು!" ಎಂದು ಕೂಗಿ ಅಕ್ಕನ ಕೆನ್ನೆಗೆ ಹೊಡೆದರು. ಬುಟ್ಟಿಯವಳು ಉಳಿದ ಬಳ್ಳಿಯನ್ನು ಸುರುಳಿ ಸುತ್ತಿ, ತಲೆ ತಗ್ಗಿಸದೆ ಹೊರಟುಹೋದಳು. ನೀರು ತುಂಬಿದ ಚೊಂಬು ಮರದಡಿಯಲ್ಲೇ ಉಳಿಯಿತು, ಬೆಲ್ಲಕ್ಕೆ ಇರುವೆ ಮುತ್ತಿತು. ಮತ್ತೆ ಅವಳು ನಮ್ಮ ಮನೆಗೆ ಬರಲೇ ಇಲ್ಲ. ಹೆಡಿಗೆ ಬಚ್ಚಲ ಒಲೆಗೆ ಹೋಯಿತು ಎಂದೇ ನನ್ನ ನೆನಪು. ಗೊಬ್ಬರ ಹೊರಲಿಕ್ಕೆ ಅಪ್ಪ ಬಂಟ್ವಾಳದಿಂದ ಕಬ್ಬಿಣದ ಬಾಂಡಲಿ ತಂದರು. ಬಿಸಿಲಿಗೆ ಕಾದ ಆ ಕಬ್ಬಿಣವನ್ನು ಹೊತ್ತದ್ದು ಅಪ್ಪನಲ್ಲ, ಅಕ್ಕ.

ಮೊನ್ನೆ ಅಕ್ಕನಿಗೆ ಫೋನು ಮಾಡಿ, ಬರೆದದ್ದನ್ನೆಲ್ಲ ಓದಿ ಹೇಳಿ, ಅಪ್ಪ ಹೆಡಿಗೆ ಸುಟ್ಟದ್ದು ಹೌದಾ ಎಂದು ಕೇಳಿದೆ.

"ಸುಟ್ಟದ್ದಾ? ಸುಟ್ಟಿದ್ದರೆ ಒಳ್ಳೆಯದಿತ್ತು ಮಾರಾಯ" ಎಂದಳು. "ಅದನ್ನು ಕವುಚಿ ಹಾಕಿ ಕೋಳಿ ಮುಚ್ಚಲಿಕ್ಕೆ ಇಟ್ಟರು. ದಿನಾ ಸಂಜೆ ನಾನೇ ಮುಚ್ಚಬೇಕು, ನೆನಪಿರಲಿ ಎಂದು. ನನ್ನ ಮದುವೆಯ ದಿನವೂ ಕೋಳಿ ಅದರೊಳಗೇ ಇತ್ತು. ಬಾಯಿ ಮಾತ್ರ ಒಂದು ಎಳೆ ಬಿಚ್ಚಲಿಲ್ಲ, ಗೊತ್ತುಂಟಾ?"

ನಾನು ನಕ್ಕೆ. ಅಕ್ಕ ನಗಲಿಲ್ಲ. ಬಾಯಿ ಕಟ್ಟಲು ಕಲಿಸಿದಳಲ್ಲ, ಅವಳ ಹೆಸರೇನು ಎಂದು ಕೇಳಿದೆ.

"ಅವಳ ಅಲ್ಲ, ಅವರ. ಬುಟ್ಟಿಯವಳು ಎಂದು ಬೇರೆ ಬರೆದಿದ್ದಿ. ಇಷ್ಟು ಓದಿ ಎಂತ ಬಂತು ನಿನಗೆ?" ಆಮೇಲೆ ತಾನೇ ಹೇಳಿದಳು: "ಹೆಸರು ನನಗೂ ಗೊತ್ತಿಲ್ಲ. ನೀರು ಕುಡಿದ ಮೇಲೆ ಕೇಳುವ ಎಂದಿದ್ದೆ. ಅಷ್ಟರಲ್ಲಿ ಅಪ್ಪ ಬಂದರು."

ಮೇಲೆ ಬರೆದದ್ದನ್ನು ನಾನು ತಿದ್ದಿಲ್ಲ. ನಮ್ಮ ಮನೆಯಲ್ಲಿ ಮಾತು ಹೇಗಿತ್ತೆಂದು ನಿಮ್ಮ ಕಿವಿಗೂ ಬೀಳಲಿ. ಇಲ್ಲಿಂದ ಮುಂದೆ ಅವರು 'ಅವರು'.

ಈಗ ನಿಮ್ಮ ಮಾತು. ಕಳೆದ ವಾರ, ನಿಮ್ಮ ಜೊತೆ ಓದುವ ನನ್ನ ಮೊಮ್ಮಗಳು ನಿಮ್ಮ ಶಾಲೆಯ ಶಿಬಿರದಲ್ಲಿ ಒಂದು ಪುಟ್ಟ ಹೆಡಿಗೆ ಹೆಣೆದು ತಂದಳು. ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ಅವಳ ಅಪ್ಪ ಫೋಟೋ ತೆಗೆದು ಊರಿಗೆಲ್ಲ ಕಳುಹಿಸಿದ. ಅದೇ ಬಳ್ಳಿ, ಅದೇ ಹೆಣಿಗೆ. ಅಕ್ಕನಿಗೆ ಪೆಟ್ಟು, ಇವಳಿಗೆ ಚಪ್ಪಾಳೆ. ಹೆಡಿಗೆ ಗಾಜಿನ ಕಪಾಟಿನಲ್ಲಿ ಕೂತಿದೆ. ಅದು ಮಣ್ಣು ಹೊರುವುದಿಲ್ಲ, ನಮ್ಮ ಗ್ಯಾಸ್ ಒಲೆಯಲ್ಲಿ ಅದಕ್ಕೆ ಹೊಗೆಯೂ ಸಿಗುವುದಿಲ್ಲ. ಇನ್ನೊಂದು ಮಳೆಗಾಲಕ್ಕೆ ಹುಳ ತಿಂದು ಪುಡಿ ಉದುರುತ್ತದೆ. ಅದಕ್ಕೆ ನನಗೆ ಬೇಸರವಷ್ಟೇ, ಸಿಟ್ಟಿಲ್ಲ.

ಸಿಟ್ಟು ಬಂದದ್ದು ಆಮೇಲೆ. "ಯಾರು ಕಲಿಸಿದ್ದು ಪುಟ್ಟಿ?" ಎಂದು ಕೇಳಿದೆ.

"ಒಬ್ರು ಆಂಟಿ, ಅಜ್ಜ. ಮೂರು ದಿನ ಬಂದಿದ್ರು."

"ಹೆಸರು?"

ಅವಳು ಉದ್ಘಾಟನೆ ಮಾಡಿದವರ ಹೆಸರು ಹೇಳಿದಳು. ಬ್ಯಾನರಿನಲ್ಲಿತ್ತಂತೆ. ಆಂಟಿಯ ಹೆಸರು ಗೊತ್ತಿಲ್ಲ. ನಿಮ್ಮ ತರಗತಿಯಲ್ಲಿ ಯಾರಿಗೂ ಗೊತ್ತಿಲ್ಲ.

ನಮ್ಮ ಅಂಗಳದಲ್ಲಿ ಹಲಸಿನ ಮರವಿತ್ತು, ಅಪ್ಪನಿದ್ದರು. ನೀವು ಆ ಆಂಟಿಯ ಜೊತೆ ಒಂದೇ ಚಾಪೆಯಲ್ಲಿ ಮೂರು ದಿನ ಕೂತಿರಿ. ಹೆಸರು ಕೇಳಲು ಹೊರಟ ಅಕ್ಕನಿಗೆ ಅಪ್ಪ ಅಡ್ಡ ಬಂದರು. ನಿಮಗೆ ಯಾರು ಅಡ್ಡ ಬಂದರು?