ಬೆತ್ತದ ತುದಿಯಿಂದ ಹೊಟ್ಟೆ ನೋಡಿದವರು

ನಮ್ಮ ಡಾಕ್ಟರ ಸಾಹೇಬರ ಕೈಗಳಷ್ಟು ಸ್ವಚ್ಛವಾದ ಕೈಗಳನ್ನು ನಾನು ಮತ್ತೆಲ್ಲೂ ಕಂಡಿಲ್ಲ. ನೀಳ ಬೆರಳುಗಳು, ಅಂಗೈಯಲ್ಲಿ ಎಳೆಗೂಸಿನ ಕೆಂಪು, ಉಗುರಿನ ಸಂದಿಯಲ್ಲಿ ಒಂದು ಕಣ ಕೊಳೆಯಿಲ್ಲ. ಮದುವೆಯಾಗಿ ಹಳಿಯಾಳಕ್ಕೆ ಬಂದ ಹೊಸದರಲ್ಲಿ, ಎಂಥ ಶುಚಿಯಾದ ಮನುಷ್ಯ ಎಂದು ಮೆಚ್ಚಿಕೊಂಡಿದ್ದೆ. ಅವರು ರೋಗಿಗಳನ್ನು ಮುಟ್ಟುವುದೇ ಇಲ್ಲವೆಂಬುದು ಗೊತ್ತಾಗಲು ನನಗೆ ಒಂದು ಬೇಸಿಗೆ ಹಿಡಿಯಿತು.

ನಮ್ಮ ಅಡಿಗೆಮನೆಯ ಕಿಟಕಿ ದವಾಖಾನೆಯ ಪಡಸಾಲೆಗೆ ಎದುರಾಗಿತ್ತು. ನಡುವೆ ಒಂದು ಮೋಟು ಗೋಡೆ ಅಷ್ಟೆ. ಯಜಮಾನರು ಮರದ ನಾಟಾ ಡಿಪೋದ ಕೆಲಸಕ್ಕೆ ಹೋದ ಮೇಲೆ ನನಗೆ ಕೇಳಲು ಇದ್ದದ್ದು ಒಲೆಯ ಸದ್ದು ಮತ್ತು ಸಾಹೇಬರ ಪಾಠ. ಹೊಟ್ಟೆಯ ಕಾಯಿಲೆಗಳಲ್ಲಿ ತಮ್ಮನ್ನು ಮೀರಿಸಿದವರು ಈ ಸೀಮೆಯಲ್ಲಿಲ್ಲ ಎಂದು ಅವರು ನಂಬಿದ್ದರು. ಅದನ್ನು ವೈದ್ಯಶಾಲೆಯವರೂ ನಂಬಿ, ಕಡೆಯ ವರ್ಷದ ಇಬ್ಬಿಬ್ಬರು ವಿದ್ಯಾರ್ಥಿಗಳನ್ನು ಕೆಲವು ತಿಂಗಳ ಮಟ್ಟಿಗೆ ಅವರ ಬಳಿ ಕಲಿಯಲು ಕಳಿಸುತ್ತಿದ್ದರು.

ಪಡಸಾಲೆಯ ಗೋಡೆಗೆ ಒಂದು ಕರಿಹಲಗೆ. ಅದರ ಮೇಲೆ ಹೊಟ್ಟೆಯ ಚಿತ್ರ, ಅದಕ್ಕೆ ಹುಡುಗಿಯರ ಕುಂಟಾಟದ ಹಾಗೆ ಒಂಬತ್ತು ಮನೆ. ಪಕ್ಕದಲ್ಲಿ ಐದು ಪ್ರಶ್ನೆ: ನೋವು ಯಾವ ಮನೆಯಲ್ಲಿ? ಎಂದಿನಿಂದ? ಉಂಡರೆ ಹೆಚ್ಚೋ ಕಡಿಮೆಯೋ? ಒತ್ತಿದರೆ ಹೆಚ್ಚೋ ಕಡಿಮೆಯೋ? ಹೊರಕಡೆ ಸರಿಯಾಗಿ ಆಗುತ್ತದೆಯೋ? ಒಳ್ಳೆಯ ಪ್ರಶ್ನೆಗಳು. ಸಾರು ಕುದಿಯುವ ಹೊತ್ತಿನಲ್ಲಿ ಕೇಳಿ ಕೇಳಿ ನನಗೂ ಬಾಯಿಪಾಠವಾಗಿದ್ದವು. ಸಾಹೇಬರು ಮಾತ್ರ ಅವನ್ನು ಹಲಗೆಯಿಂದ ರೋಗಿಯವರೆಗೆ ಇಳಿಸಲಿಲ್ಲ.

"ರೋಗಿ ಹೊಸ್ತಿಲಾ ದಾಟೂದ್ರಾಗ ರೋಗ ಗೊತ್ತಾಗಬೇಕು. ಮಂದಿ ನೋಡ್ರಿ, ಮಂದಿ!" ಎಂದು ಅವರು ಬೆತ್ತ ಎತ್ತುತ್ತಿದ್ದರು. "ಗಾಡಿ ಹೊಡಿಯೋ ಸಾಬ ಬಂದ್ನೋ, ಮಾಂಸ ಅರಗಿಲ್ಲ. ಮಡಿ ಹೆಂಗಸು ಬಂದ್ಲೋ, ಉಪಾಸದ ವಾಯು. ಅಡವಿ ಕಡೆಯ ಸಿದ್ದಿ ಬಂದ್ರೋ, ಹುಳಾ. ಬರಕೋರಿ."

ವಿದ್ಯಾರ್ಥಿಗಳು ಬರೆದುಕೊಳ್ಳುತ್ತಿದ್ದರು. ಬೆಂಚಿನ ಮೇಲೆ ಮಲಗಿದವರ ಹೊಟ್ಟೆಯನ್ನು ಸಾಹೇಬರು ಒಂದು ಮಾರು ದೂರ ನಿಂತು ಬೆತ್ತದ ತುದಿಯಿಂದ ತೋರಿಸುತ್ತಿದ್ದರು. ಬೆತ್ತಕ್ಕೆ ಬೆಳ್ಳಿಯ ಹಿಡಿ. ಪಾಠ ಮುಗಿದ ಮೇಲೆ ಕಂಪೌಂಡರ ಅದರ ತುದಿಯನ್ನು ಡೆಟಾಲಿನಲ್ಲಿ ಅದ್ದಿ ಒರೆಸಿಡಬೇಕು. ಸಾಹೇಬರು ಆಮೇಲೆ ಕೈಯನ್ನೂ ತೊಳೆದುಕೊಳ್ಳುತ್ತಿದ್ದರು, ಯಾಕೋ.

ನಮಗೆ ಕಟ್ಟಿಗೆ ತರುತ್ತಿದ್ದವಳು ಮರಿಯಾ ಎಂಬ ಸಿದ್ದಿ ಹೆಂಗಸು. ಗಂಡಸರು ಎತ್ತಲಾರದ ಹೊರೆಯನ್ನು ತಲೆಯ ಮೇಲೆ ಹೊತ್ತು ಅಡವಿಯಂಚಿನ ಹಳ್ಳಿಯಿಂದ ನಡೆದು ಬರುವವಳು. ಆಕೆ ನಕ್ಕರೆ ಓಣಿಯ ತುದಿಗೆ ಕೇಳಿಸುತ್ತಿತ್ತು. ಆ ವರ್ಷ ಮಳೆ ನಿಂತ ಮೇಲೆ ನಗೆ ನಿಂತಿತು. ಹೊರೆ ಇಳಿಸಿದವಳೇ ಅದರ ಮೇಲೆ ಹೊಟ್ಟೆಯೂರಿ ಬೋರಲು ಬೀಳುವಳು.

"ಏನಾತು ಮರಿಯಾ?"

"ಹೊಕ್ಕಳ ಸುತ್ತಾ ಹಿಂಡತೈತ್ರಿ ಅವ್ವಾರ. ಹಿಂಗ ಬಿದ್ಕೊಂಡ್ರ ಒಂಚೂರು ಹಿತ."

ನಾನೇ ದವಾಖಾನೆಗೆ ಕಳಿಸಿದೆ. ಬೆತ್ತ ಒಮ್ಮೆ ಮೇಲೆ ಕೆಳಗೆ ಆಡಿತು. "ಹುಳಾ. ಬರಕೋರಿ." ಹುಳದ ಪುಡಿ, ಹರಳೆಣ್ಣೆ. ಕಡಿಮೆಯಾಗಲಿಲ್ಲ. ಮತ್ತೆ ಹೋದಳು, ಮತ್ತೆ ಅದೇ ಪುಡಿ. ಮೂರನೆಯ ಸಲ ಪುಡಿ ನುಂಗಿ ಬಂದವಳು ನಮ್ಮ ಹಿತ್ತಲಲ್ಲಿ ಕಣ್ಣು ಉಜ್ಜಿಕೊಂಡು ನಿಂತಳು. "ಅವ್ವಾರ, ನಿಮ್ಮ ಸುಣ್ಣದ ಗ್ವಾಡಿ ಅರಿಷಿಣಾ ಬಳದಂಗ ಕಾಣ್ತೈತಿ. ನಾ ಸಾಯ್ತೇನೇನ್ರಿ? ಕೂಸು ಇನ್ನಾ ಮೊಲೀ ಬಿಟ್ಟಿಲ್ರಿ."

ಆಗಿದ್ದ ವಿದ್ಯಾರ್ಥಿಗಳಲ್ಲಿ ಒಬ್ಬ ಮುಂಡಗೋಡಿನವನು, ಮಾತಾಡುವಾಗ ಕೊರಳ ಗುಂಡಿಯನ್ನು ತಿರುವುತ್ತಿದ್ದ ಹುಡುಗ. ಆ ದಿನ ಅವನು ಸಾಹೇಬರನ್ನು ಕೇಳಿದ್ದು ನನಗೆ ಕಿಟಕಿಯಲ್ಲಿ ಕೇಳಿತು: "ಸರ, ಒತ್ತಿದ್ರ ಹೆಂಗ ಅಂತ ಆಕೀನ್ನ ಯಾರೂ ಕೇಳಲಿಲ್ಲರೀ."

"ಸಿದ್ದಿ ಹೊಟ್ಟಿಗೆ ಐದು ಪ್ರಶ್ನೆ ಯಾಕ್ರೀ? ಕೈ ಹೊಲಸು ಮಾಡ್ಕೊಳ್ಳಾಕ ಅಷ್ಟು ಹೌಸಿದ್ರ ನಿಮ್ಮೂರಿಗೆ ಹೋಗಿ ಎಮ್ಮಿ ಮೈ ತೊಳೀರಿ."

ಇನ್ನೊಬ್ಬ ವಿದ್ಯಾರ್ಥಿ ನಕ್ಕ. ಗುರುವಿನ ಮೆಚ್ಚಿಗೆಗಾಗಿ ನಗುವ ನಗೆಯಷ್ಟು ಹೇಸಿಗೆಯ ಸದ್ದು ಇನ್ನೊಂದಿಲ್ಲ.

ಮಧ್ಯಾಹ್ನ ಸಾಹೇಬರು ಊಟಕ್ಕೆ ಎದ್ದಾಗ ನಾನು ಮೋಟು ಗೋಡೆಯ ಬಳಿ ಹೋಗಿ ಮುಂಡಗೋಡಿನವನನ್ನು ಕರೆದೆ. ಅವನು ಹಿತ್ತಲಲ್ಲಿ ಮರಿಯಾಳನ್ನು ಚಾಪೆಯ ಮೇಲೆ ಮಲಗಿಸಿ, ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು ಹೊಟ್ಟೆಯ ಮೇಲಿಟ್ಟ. ಒತ್ತಿದಂತೆಲ್ಲ ಆಕೆಯ ಮುಖ ಸಡಿಲವಾಯಿತು. "ಹಾಂ, ಅಲ್ಲೇ ರೀ, ಹಂಗ ಇಡ್ರಿ."

"ಒತ್ತಿದ್ರ ಹಿತ ಅಂದ್ರ ಒಳಗ ಬಾವು ಇಲ್ಲ," ಎಂದು ಅವನು ತನಗೇ ಹೇಳಿಕೊಂಡ. "ಹೊರಕಡೆ ಆಗಿ ಎಷ್ಟು ದಿನ ಆತು?"

"ಎಂಟು ದಿನಾ ಆತ್ರಿ."

ಆಕೆ ಬಾಯಿ ತೆರೆದಾಗ ನಾನು ನೋಡಿದ್ದು ವಸಡು. ಹಲ್ಲಿನ ಬುಡಕ್ಕೆ ಹೊಂದಿಕೊಂಡು ನೀಲಿ ದಾರದಂಥ ಒಂದು ಗೆರೆ. ಕಟ್ಟಿಗೆ ತರುವಾಗ ದಿನಾ ನಗುತ್ತಿದ್ದವಳು. ಆ ಗೆರೆ ಮೊದಲು ಇರಲಿಲ್ಲ. ಅವನಿಗೆ ತೋರಿಸಿದೆ. ಗುಂಡಿ ತಿರುವುವುದು ನಿಂತಿತು. "ಇದು ಪುಸ್ತಕದಾಗೈತ್ರಿ. ಬಣ್ಣಾ ಹಚ್ಚೋ ಮಂದಿಗೆ ಬರ್ತೈತಿ, ಸೀಸ ಹೊಟ್ಟಿಗೆ ಹೋಗಿ. ಆದ್ರ ಈಕಿಗೆ ಸೀಸ ಎಲ್ಲಿಂದ ಬರಬೇಕು?"

ಆ ಮಳೆಗಾಲದ ಹಬ್ಬದಲ್ಲಿ ಆಕೆಗೆ ಒಂದು ಹಳೆಯ ತಾಮ್ರದ ಪಾತ್ರೆ ಕೊಟ್ಟಿದ್ದವಳು ನಾನೇ. ಊರೂರು ತಿರುಗುವ ಯಾರೋ ಕಲಾಯಿಯವನು ಅಗ್ಗಕ್ಕೆ ಒಪ್ಪಿದನೆಂದು ಅವನಿಂದಲೇ ಕಲಾಯಿ ಹಾಕಿಸಿದ್ದೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಅಡಿಗೆಯ ಸಿಸ್ಟರ್ ನಮಗೆ ಕಲಿಸಿದ್ದರು: ಹೊಸ ಕಲಾಯಿಯನ್ನು ಬಿಳಿ ಕರವಸ್ತ್ರದಿಂದ ಉಜ್ಜಿ ನೋಡಬೇಕು, ಕಪ್ಪು ಹತ್ತಿದರೆ ತವರದಲ್ಲಿ ಸೀಸ ಬೆರೆತಿದೆ. ನಮ್ಮ ಪಾತ್ರೆಗಳನ್ನೆಲ್ಲ ಹಾಗೆ ಉಜ್ಜುತ್ತಿದ್ದೆ. ಅದನ್ನು ಉಜ್ಜಲಿಲ್ಲ, ಹೇಗೂ ಕೊಡುವ ಪಾತ್ರೆಯಲ್ಲವೇ ಎಂದು.

"ಆ ಪಾತ್ರ್ಯಾಗ ಏನು ಇಡ್ತೀ ಮರಿಯಾ?"

"ಹುಳಿ ಅಂಬ್ಲಿ ರೀ. ಬಾಳ ಚಲೋ ಪಾತ್ರಿ. ಕೂಸಿಗೂ ಇನ್ನ ಅದರಾಗಿಂದ್ಲೇ ಕುಡಸಬೇಕಂತ ಮಾಡೇನಿ."

ಮರುದಿನ ಆಕೆ ತಂದ ಪಾತ್ರೆಗೆ ಕರವಸ್ತ್ರ ಉಜ್ಜಿದೆ. ಕಾಡಿಗೆಯಂತೆ ಕಪ್ಪಾಯಿತು. ಬದಲಿಗೆ ಮಣ್ಣಿನ ಗಡಿಗೆ ಕೊಟ್ಟೆ, ಪುಡಿ ನಿಲ್ಲಿಸಿದಳು. ಮೊದಲು ಕಣ್ಣಿಗೆ ಕಾಣುತ್ತಿದ್ದ ಹಳದಿ ಹೋಯಿತು, ಅದು ಹುಳದ ಪುಡಿಯದೇ ಪ್ರತಾಪವಂತೆ. ನೋವು ನಿಧಾನಕ್ಕೆ ಇಳಿಯಿತು. ಚಳಿ ಮುಗಿಯುವ ಹೊತ್ತಿಗೆ ಓಣಿಯ ತುದಿಯಿಂದ ನಗೆ ಕೇಳಿಸಿತು.

ಮುಂಡಗೋಡಿನವನು ಕರವಸ್ತ್ರವನ್ನು ಸಾಹೇಬರ ಮೇಜಿನ ಮೇಲಿಟ್ಟು ಎಲ್ಲ ಹೇಳಿದ. ಅವರು ಅದನ್ನು ಬೆತ್ತದಿಂದ ಕೆಳಗೆ ತಳ್ಳಿದರು. "ಒಗ್ಗರಣಿ ಹಾಕೋರ ಕೈಯಾಗ ವೈದ್ಯಕೀ ಕಲೀಲಿಕ್ಕೆ ಬಂದೀರೇನು?" ಅವನು ಕಲಿಕೆ ಮುಗಿಸಿ ಹೊರಡುವಾಗ ವೈದ್ಯಶಾಲೆಗೆ ಕೊಟ್ಟ ಕಾಗದದಲ್ಲಿ 'ವಿಧೇಯತೆ ಸಾಲದು' ಎಂದು ಬರೆದರು.

ಮುಂದಿನ ಇಬ್ಬರು ಬಂದಾಗ ಹಲಗೆಯ ಮೇಲೆ ಆರನೆಯ ಪ್ರಶ್ನೆಯಿತ್ತು: ಯಾವ ಪಾತ್ರೆಯಲ್ಲಿ ಉಣ್ಣುತ್ತಾರೆ? "ಇದು ಯಾವ ಪುಸ್ತಕದಾಗೂ ಸಿಗೂದಿಲ್ಲ. ನನ್ನ ಸ್ವಂತ ಅನುಭವ. ಬರಕೋರಿ." ಆ ದಿನ ನನ್ನ ಒಗ್ಗರಣೆ ನಿಜವಾಗಿಯೂ ಸೀದು ಹೋಯಿತು.

ನಿವೃತ್ತರಾಗಿ ಅವರು ತಮ್ಮ ಊರಿಗೆ ಹೋದರು. ಯುದ್ಧದ ದಿನಗಳಲ್ಲಿ, ಸೀಮೆಎಣ್ಣೆ ಸಿಗದ ಕಾಲದಲ್ಲಿ, ತೀರಿಕೊಂಡ ಸುದ್ದಿಯನ್ನು ಹಳೆಯ ಕಂಪೌಂಡರ ತಂದ. ಹೊಟ್ಟೆನೋವಂತೆ. ತಮ್ಮಂಥ ಮಡಿಯವರಿಗೆ ವಾಯು ಬಿಟ್ಟು ಬೇರೇನೂ ಬರುವುದಿಲ್ಲ ಎಂದು ಇಂಗು ನುಂಗುತ್ತ ಮಲಗಿದ್ದರಂತೆ. ಇಬ್ಬರು ಹಳೆಯ ಶಿಷ್ಯರು ಮಂಚದ ಬಳಿ ನಿಂತು, ಗುರುಗಳು ಹೇಳಿದ್ದೇ ಸರಿಯೆಂದು ತಲೆದೂಗಿದರಂತೆ. ಅಂಥ ಶಿಷ್ಯರನ್ನು ತಯಾರು ಮಾಡಿದವರು ಅವರೇ ತಾನೆ.

ಅವರ ಋಣ ನನ್ನ ಮೇಲಿದೆ, ಇಲ್ಲವೆನ್ನುವುದಿಲ್ಲ. ಮಕ್ಕಳು ಹೊಟ್ಟೆ ಹಿಡಿದುಕೊಂಡು ಬಂದರೆ ಇಂದಿಗೂ ಆ ಐದು ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳುತ್ತೇನೆ. ಉತ್ತರ ಬರುವವರೆಗೆ ಕಾಯುತ್ತೇನೆ, ಅಷ್ಟೆ ವ್ಯತ್ಯಾಸ.

ಸುದ್ದಿ ಬಂದ ವಾರ ಮರಿಯಾ ಕಟ್ಟಿಗೆ ತಂದಳು. ಹೇಳಿದೆ. ಹೊರೆ ಇಳಿಸಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

"ಏನಾಗಿತ್ರೀ ಅವರಿಗೆ?"

"ಹೊಟ್ಟಿನೋವಂತ."

ಆಕೆಯ ಕೈ ತನ್ನ ಹೊಕ್ಕಳ ಕಡೆ ಹೋಯಿತು. "ಅಯ್ಯ, ಪಾಪ! ಒಬ್ಬರಾದ್ರೂ ಕೈಯಿಟ್ಟು ನೋಡಿದ್ರೇನ್ರಿ?"

"ಇಲ್ಲಂತ," ಎಂದೆ.

ಮರಿಯಾ ಹೊರೆಯ ಮೇಲೆ ಕೂತು ಅತ್ತಳು. ನನಗೆ ಅಳು ಬರಲಿಲ್ಲ. ಆಕೆಗೆ ಕುಡಿಯಲು ಮಜ್ಜಿಗೆ ತರಲು ಒಳಗೆ ಹೋದೆ.