ಅವ್ವನ ಫುಲ್‌ಸ್ಟಾಪು, ನನ್ನ ಅವಸರ

ಹದಿನೇಳನೆಯ ವಯಸ್ಸಿನಲ್ಲಿ ನನಗೆ ಒಂದು ವಿಷಯದಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ವಾಕ್ಯದ ಕೊನೆಗೆ ಚುಕ್ಕೆ ಇಡುವವರು ಮುದುಕರು. ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷವಾಗಿತ್ತು, ನಾಗಪುರದ ಮಹಾಲ್‌ನ ಇಕ್ಕಟ್ಟು ಓಣಿಗಳಿಗೂ ಸೈಬರ್ ಕೆಫೆ ಬಂದಿತ್ತು. ಅಲ್ಲಿನ ಪ್ಲೈವುಡ್ ಗೂಡುಗಳಲ್ಲಿ ಕುಳಿತು ನಾನೂ ನನ್ನ ಕಾಲೇಜಿನ ಗೆಳತಿಯರೂ ಇಂಗ್ಲಿಷ್ ಅಕ್ಷರಗಳಲ್ಲಿ ಚಾಟ್ ಮಾಡುತ್ತಿದ್ದೆವು. ದೊಡ್ಡಕ್ಷರವಿಲ್ಲ, ಕಾಮಾ ಇಲ್ಲ, ಚುಕ್ಕೆ ಇಲ್ಲ. ಪದಗಳೊಳಗಿನ ಅರ್ಧ ಅಕ್ಷರಗಳನ್ನೂ ಕಿತ್ತು ಹಾಕಿದ್ದೆವು. ಚಾಟ್ ರೂಮಿನಲ್ಲಿ ಯಾರಾದರೂ ಪೂರ್ತಿ ವಾಕ್ಯ ಬರೆದು ನೀಟಾಗಿ ಫುಲ್‌ಸ್ಟಾಪ್ ಇಟ್ಟರೆ, ತನಗೆ ಇಪ್ಪತ್ತೇ ವರ್ಷ ಎಂದು ಆತ ಎಷ್ಟೇ ಆಣೆ ಮಾಡಲಿ, 'ಅಂಕಲ್ ಬಂದರು' ಎಂದು ನಕ್ಕು ಅವನನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದೆವು. ಎರಡೇ ತೋರುಬೆರಳಲ್ಲಿ ನಾನು ಕೀಬೋರ್ಡ್ ಕುಟ್ಟುವ ವೇಗಕ್ಕೆ ಪಕ್ಕದ ಗೂಡಿನವರು ಇಣುಕಿ ನೋಡುತ್ತಿದ್ದರು. ಅದರ ಜಂಭ ನನಗೆ ಬೇಕಾದಷ್ಟಿತ್ತು.

ಮನೆಯಲ್ಲಿ ಅದೇ ಹೊತ್ತಿಗೆ ಅವ್ವ ನಲವತ್ತಮೂರನೆಯ ವಯಸ್ಸಿನಲ್ಲಿ ಟೈಪಿಂಗ್ ಕಲಿಯುತ್ತಿದ್ದಳು.

ಅಪ್ಪ ಕೇಂದ್ರ ಸರಕಾರದ ಕಚೇರಿಯಲ್ಲಿದ್ದರು. ಗದಗಿನ ಕಡೆಯಿಂದ ಅವರ ನೌಕರಿಯ ಬೆನ್ನು ಹತ್ತಿಯೇ ನಾವು ನಾಗಪುರಕ್ಕೆ ಬಂದದ್ದು. ಅವರು ತೀರಿಕೊಂಡ ಮೇಲೆ ಸಿವಿಲ್ ಲೈನ್ಸ್‌ನ ಕ್ವಾರ್ಟರ್ಸ್ ಬಿಟ್ಟು ಮಹಾಲ್‌ನ ಒಂದು ಹಳೆಯ ವಾಡೆಯ ಎರಡು ಕೋಣೆಗೆ ಬಂದೆವು. ಅನುಕಂಪದ ಆಧಾರದ ಮೇಲೆ ಅವ್ವನಿಗೆ ಅದೇ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ಆದರೆ ಒಂದು ಷರತ್ತು: ಎರಡು ವರ್ಷದೊಳಗೆ ಇಂಗ್ಲಿಷ್ ಟೈಪಿಂಗ್ ಪರೀಕ್ಷೆ ಪಾಸಾಗಬೇಕು, ನಿಮಿಷಕ್ಕೆ ಮೂವತ್ತು ಪದ. ಇಲ್ಲವಾದರೆ ಕೆಲಸ ಖಾಯಂ ಆಗುವುದಿಲ್ಲ. ಆ ಎರಡು ವರ್ಷದಲ್ಲಿ ಪರೀಕ್ಷೆ ಎರಡೇ ಸಲ.

ಕೆಲಸ ಹೋದರೆ ಮುಂದೇನು ಎಂಬುದೂ ನಿಶ್ಚಯವಾಗಿತ್ತು. ಗದಗಿನಲ್ಲಿದ್ದ ದೊಡ್ಡಪ್ಪ ಪ್ರತಿ ತಿಂಗಳು ಫೋನು ಮಾಡಿ, "ಹೆಣ್ಮಕ್ಕಳಿಬ್ಬರು ಪರ ಊರಾಗ ಯಾಕ ಒದ್ದಾಡತೀರಿ, ಬಂದು ನಮ್ಮ ಮನ್ಯಾಗ ಇರ್ರಿ, ಅಡಗಿ ಮನಿ ನೋಡಿಕೊಂಡ್ರಾತು" ಎನ್ನುತ್ತಿದ್ದರು. ಅವರು ಕೆಟ್ಟವರಲ್ಲ. ಆದರೆ ಆ ಅಡುಗೆಮನೆಯಲ್ಲಿ ಅವ್ವ ಬದುಕಿರುವ ತನಕ ಇನ್ನೊಬ್ಬರ ಮನೆಯವಳಾಗಿ ನಿಂತಿರಬೇಕಾಗುತ್ತಿತ್ತು, ಮತ್ತು ನನ್ನ ಓದು ಅಲ್ಲಿಗೆ ಮುಗಿಯುತ್ತಿತ್ತು. ನಮ್ಮಿಬ್ಬರಿಗೂ ಅದು ಗೊತ್ತಿತ್ತು. ಬಾಯಿಬಿಟ್ಟು ಆಡುತ್ತಿರಲಿಲ್ಲ, ಅಷ್ಟೆ.

ಅವ್ವನ ಟೈಪಿಂಗ್ ಕ್ಲಾಸು ಪಾತ್ರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ಹತ್ತು ಟೈಪ್‌ರೈಟರು, ಹತ್ತು ಸ್ಟೂಲು, ಬೆಳ್ಳಗಿನ ಧೋತರದ ಒಬ್ಬ ಮರಾಠಿ ಸರ್. ಸರ್‌ಗೆ ವೇಗದ ಬಗ್ಗೆ ಯಾವ ಆಸಕ್ತಿಯೂ ಇರಲಿಲ್ಲ. ಹಿಂದೆ ಕೈಕಟ್ಟಿಕೊಂಡು ಓಡಾಡುತ್ತ ಹೇಳುತ್ತಿದ್ದದ್ದು ಇಷ್ಟೇ: "ಕಾಮಾ, ಏಕ್ ಸ್ಪೇಸ್. ಫುಲ್‌ಸ್ಟಾಪ್, ದೋನ್ ಸ್ಪೇಸ್." ಚುಕ್ಕೆಯಾದ ಮೇಲೆ ಎರಡು ಸಲ ಖಾಲಿ ಜಾಗ ಬಿಡಬೇಕು, ಒಂದು ಬಿಟ್ಟರೆ ಹಾಳೆ ಕಿತ್ತು ಬುಟ್ಟಿಗೆ. ಅವ್ವ ಇದನ್ನು ಮಡಿಯ ಹಾಗೆ ಪಾಲಿಸಿದಳು. ರಾತ್ರಿ ಅನ್ನಕ್ಕೆ ಅಕ್ಕಿ ಆರಿಸುವಾಗಲೂ, ಸ್ಪೇಸ್ ಒತ್ತುವ ಅವಳ ಹೆಬ್ಬೆರಳು ಮೊರದ ಅಂಚಿಗೆ ಎರಡು ಸಲ ಬಡಿಯುತ್ತಿತ್ತು.

ಮೊದಲ ಪರೀಕ್ಷೆಗೆ ನಾಲ್ಕು ತಿಂಗಳಿರುವಾಗ ಅವಳ ವೇಗ ಇಪ್ಪತ್ತೆರಡು ಪದ. ತಪ್ಪು ಒಂದೂ ಇಲ್ಲ, ಆದರೆ ಇಪ್ಪತ್ತೆರಡು ಮೂವತ್ತಾಗುವ ಲಕ್ಷಣವೂ ಇಲ್ಲ. ಆಗ ನಾನು ರಂಗಕ್ಕಿಳಿದೆ.

"ಅವ್ವಾ, ನಿನ್ನ ಸ್ಪೀಡ್ ತಿನ್ನಾಕತ್ತಿದ್ದು ಈ ಚುಕ್ಕಿ, ಈ ಸ್ಪೇಸು" ಎಂದೆ. "ಇವನ್ನ ಮರತು ಒಂದಷ್ಟು ದಿನ ಬರೇ ಓಡು. ಕೈ ಸಡಿಲ ಆಗಲಿ. ಆಮ್ಯಾಲ ಬೇಕಾದ್ರ ಹಚ್ಚಿಕೊಳ್ಳೂಣ."

ಅವಳಿಗೆ ಮನಸ್ಸಿರಲಿಲ್ಲ. ಆದರೆ ಅಪ್ಪ ಹೋದ ಮೇಲೆ ಹೊರಗಿನ ಪ್ರಪಂಚದ ವಿಷಯದಲ್ಲಿ ಅವಳು ನನ್ನ ಮಾತನ್ನು ನಂಬುತ್ತಿದ್ದಳು, ಅಂಗಡಿಯವನ ಹತ್ತಿರ ಮಾತಾಡುವುದಕ್ಕೂ ನನ್ನನ್ನೇ ಮುಂದೆ ಬಿಡುತ್ತಿದ್ದಳು. ಭಾನುವಾರ ಬೆಳಿಗ್ಗೆ ಅವಳನ್ನು ಸೈಬರ್ ಕೆಫೆಗೆ ಕರೆದುಕೊಂಡು ಹೋದೆ. ಅಕ್ಕಪಕ್ಕದ ಎರಡು ಗೂಡುಗಳಲ್ಲಿ ಕುಳಿತು ತಾಯಿ ಮಗಳು ಚಾಟ್ ಮಾಡತೊಡಗಿದೆವು. ನಡುವೆ ಒಂದು ಪ್ಲೈವುಡ್ ಹಲಗೆ.

ಮೊದಲ ದಿನ ಅವಳು ಬರೆದ ಮೊದಲ ಸಾಲು, 'ಚಿರಂಜೀವಿ ಮಗಳಿಗೆ ತಾಯಿಯ ಆಶೀರ್ವಾದಗಳು,' ಎಂದು ಇಂಗ್ಲಿಷಿನಲ್ಲಿ, ಕಾಮಾ ಸಮೇತ. ನಾನು ನಕ್ಕು ನಕ್ಕು ಕುರ್ಚಿಯಿಂದ ಬೀಳುವುದೊಂದು ಬಾಕಿ. ಎರಡನೆಯ ಸಾಲಿಗೆ ನಾನು ಒಂದೇ ಅಕ್ಷರದ ಉತ್ತರ ಕಳಿಸಿದೆ. ಹಲಗೆಯ ಆಚೆಯಿಂದ ದನಿ ಬಂತು: "ಪೂರ್ತಿ ಶಬ್ದ ಬರಿಯಾಕ ಕೈ ನೋವೈತೇನು ನಿಂಗ? ಸಿಟ್ಟಿಗೆದ್ದಿ ಏನು?"

"ಸಿಟ್ಟಿಲ್ಲವ್ವಾ, ಹಿಂಗs ಬರೀಬೇಕು."

"ಹಿಂಗ ಬರದ್ರ ಮಂದಿ ಏನಂತ ತಿಳೀಬೇಕು? ಮಾತಾಡಿ ಬಾಗಲಾ ಹಾಕದs ಹೋದಂಗ ಆತು."

ಆದರೂ ಕಲಿತಳು. ಮೂರನೆಯ ಭಾನುವಾರಕ್ಕೆ ಕಾಮಾ ಬಿಟ್ಟಳು, ಐದನೆಯದಕ್ಕೆ ದೊಡ್ಡಕ್ಷರ ಬಿಟ್ಟಳು, ಆಮೇಲೆ ಚುಕ್ಕೆಯೂ ಹೋಯಿತು. ಸರ್ ಕಣ್ಣಿಗೆ ಬೀಳದಿರಲೆಂದು ಅಷ್ಟು ದಿನ ಕ್ಲಾಸನ್ನೂ ಬಿಡಿಸಿದ್ದೆ. ವೇಗ ಇಪ್ಪತ್ತೆಂಟು, ಮೂವತ್ತು, ಮೂವತ್ತಮೂರು. ನಾನು ವಾಡೆಯ ಮೆಟ್ಟಿಲಲ್ಲಿ ಕುಣಿದಾಡಿದೆ. ಸರ್‌ಗೆ ನಲವತ್ತು ವರ್ಷದಲ್ಲಿ ಆಗದ್ದನ್ನು ನಾನು ಮೂರು ತಿಂಗಳಲ್ಲಿ ಮಾಡಿ ತೋರಿಸಿದ್ದೆ!

ಪರೀಕ್ಷೆಯಲ್ಲಿ ಅವ್ವ ಫೇಲಾದಳು.

ಕಚೇರಿಯ ನೋಟಿಸ್ ಬೋರ್ಡಿನಲ್ಲಿ ಹೆಸರಿರಲಿಲ್ಲ, ಕಾರಣವನ್ನು ಯಾರೂ ಹೇಳಲಿಲ್ಲ. ಮರುದಿನ ಸರ್ ಅವಳನ್ನು ಮಷೀನಿನ ಮುಂದೆ ಕೂರಿಸಿ ಒಂದು ಪುಟ ಟೈಪ್ ಮಾಡಿಸಿದರು. ಅವಳು ಮರೆತ ಛತ್ರಿ ಕೊಡಲು ಹೋದ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅವಳ ಬೆರಳು ಓಡುತ್ತಿದ್ದವು. ಸರ್ ಹಾಳೆ ತೆಗೆದು ಕೆಂಪು ಪೆನ್ಸಿಲ್ ಹಿಡಿದರು. ಸುತ್ತು ಹಾಕುತ್ತ ಹಾಕುತ್ತ ಪುಟವೆಲ್ಲ ಕೆಂಪಾಯಿತು. ವಾಕ್ಯದ ಮೊದಲಿಗೆ ಸಣ್ಣಕ್ಷರ, ಕಾಮಾ ಇರಬೇಕಾದಲ್ಲಿ ಏನೂ ಇಲ್ಲ, ಎರಡು ವಾಕ್ಯಗಳು ಒಂದಕ್ಕೊಂದು ಅಂಟಿಕೊಂಡಿವೆ. ಪರೀಕ್ಷೆಯಲ್ಲಿ ಅವೆಲ್ಲ ಒಂದೊಂದೂ ತಪ್ಪೇ.

"ತಾಈ, ಹಾತ್ ಕೋಣೀ ಬಿಘಡವಲಾ?" ಎಂದರು ಸರ್. ನಿಮ್ಮ ಕೈ ಕೆಡಿಸಿದವರು ಯಾರು?

ಅವ್ವ ನನ್ನನ್ನು ನೋಡಿದ್ದಳು. ನಾನು ಬಾಗಿಲಲ್ಲಿದ್ದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತನ್ನ ಹರಕು ಹಿಂದಿಯಲ್ಲಿ ಹೇಳಿದಳು: "ಮೇರಾಚ್ ಹಾತ್ ಹೈ ಸರ್. ಮೈನೇಚ್ ಬಿಗಾಡಾ." ಕೈ ನನ್ನದೇ, ಕೆಡಿಸಿದವಳೂ ನಾನೇ.

ಆ ಹೊತ್ತಿಗೆ ಆದ ನಾಚಿಕೆ ನನಗೆ ಇವತ್ತಿಗೂ ಆಗುತ್ತದೆ. ಬೈದಿದ್ದರೆ ವಾದ ಮಾಡುತ್ತಿದ್ದೆ, ನಾಲಿಗೆ ಚುರುಕಾಗಿಯೇ ಇತ್ತು. ಅವಳು ನನ್ನ ತಪ್ಪನ್ನು ತನ್ನ ಮೇಲೆ ಹಾಕಿಕೊಂಡಳು. ನಾನು ಛತ್ರಿಯನ್ನು ಅಲ್ಲೇ ಮೂಲೆಗೆ ಒರಗಿಸಿ ಇಳಿದು ಬಂದೆ, ಬಡಕಸ ಚೌಕದ ತನಕ ಅಳುತ್ತಾ ನಡೆದೆ.

ಆ ವಾರ ದೊಡ್ಡಪ್ಪನ ಫೋನು ಬಂತು. ಈ ಸಲ ಅವರು ಕೇಳಲಿಲ್ಲ, ರೈಲು ಯಾವ ತಿಂಗಳದ್ದು ಬುಕ್ ಮಾಡಲಿ ಎಂದರು. ಇನ್ನೊಂದು ಪರೀಕ್ಷೆ ಐತಿ, ಆರು ತಿಂಗಳು ತಡೀರಿ ಎಂದಳು ಅವ್ವ. ಅವರು ನಿಟ್ಟುಸಿರು ಬಿಟ್ಟದ್ದು ಪಕ್ಕದಲ್ಲಿ ನಿಂತಿದ್ದ ನನಗೂ ಕೇಳಿಸಿತು.

ಆರು ತಿಂಗಳು. ನಾನು ಕೈ ತೊಳೆದುಕೊಂಡು ಕೂರುವ ಹಾಗಿರಲಿಲ್ಲ. ಸರ್ ಹತ್ತಿರ ಹೋಗಿ ನಿಜ ಒಪ್ಪಿಕೊಂಡೆ. ಅವರು ಕೋಪಿಸಿಕೊಳ್ಳಲಿಲ್ಲ, ಮೂಲೆಯ ಸ್ಟೂಲು ತೋರಿಸಿ ನನ್ನನ್ನೂ ಕ್ಲಾಸಿಗೆ ಸೇರಿಸಿಕೊಂಡರು. ಕೆಡಿಸಿದವಳೇ ತಿದ್ದಬೇಕೆಂದು ಅವರ ಲೆಕ್ಕ. ಬೆಳಿಗ್ಗೆ ಆರರಿಂದ ಏಳರ ತನಕ ನಾನು ಅವ್ವನ ಎದುರು ಕುಳಿತು ಹಳೆಯ ಇಂಗ್ಲಿಷ್ ಪೇಪರಿನ ಸಂಪಾದಕೀಯಗಳನ್ನು ಗಟ್ಟಿಯಾಗಿ ಓದುತ್ತಿದ್ದೆ, ಕಾಮಾ ಬಂದಾಗ 'ಕಾಮಾ' ಎಂದೂ, ಚುಕ್ಕೆ ಬಂದಾಗ 'ಫುಲ್‌ಸ್ಟಾಪ್' ಎಂದೂ ಹೇಳುತ್ತ. ಚಾಟ್ ಬಿಡಲು ಮನಸ್ಸಾಗಲಿಲ್ಲ, ಆದರೆ ಪ್ರಾಯಶ್ಚಿತ್ತವಾಗಿ ಅಲ್ಲಿಯೂ ಚುಕ್ಕೆ ಇಡತೊಡಗಿದೆ. ಗೆಳತಿಯರು ಎರಡೇ ದಿನದಲ್ಲಿ ನನಗೆ 'ಆಂಟಿ' ಎಂದು ಹೆಸರಿಟ್ಟರು. ಯಾಕೆ ಮುಖ ಊದಿಸಿಕೊಂಡಿದ್ದೀಯ ಎಂದು ಒಬ್ಬಳು ನಿಜವಾಗಿಯೂ ಕೇಳಿದಳು. ಒಂದು ಚುಕ್ಕೆಗೆ ಅಷ್ಟು ಅರ್ಥ ಹಚ್ಚುವುದನ್ನು ಅವಳಿಗೆ ಕಲಿಸಿದವಳು ನಾನೇ ಇರಬೇಕು.

ಎರಡು ತಿಂಗಳಾದರೂ ಅವ್ವನ ವೇಗ ಇಪ್ಪತ್ತೈದರ ಮೇಲೆ ಏರಲಿಲ್ಲ. ತಪ್ಪು ಕಡಿಮೆಯಾಯಿತು, ವೇಗ ಮತ್ತೆ ಮಲಗಿತು. ಒಂದು ಬೆಳಿಗ್ಗೆ ನನ್ನ ಗಂಟಲು ಕಟ್ಟಿತ್ತು. ಓದಲಾಗದೆ, ಹಾಳೆಯನ್ನು ಅವಳ ಪಕ್ಕಕ್ಕಿಟ್ಟು ನೋಡಿಕೊಂಡು ಟೈಪ್ ಮಾಡು ಎಂದೆ. ಪರೀಕ್ಷೆಯಲ್ಲೂ ಹಾಗೆಯೇ ತಾನೆ ಮಾಡಬೇಕಾದದ್ದು. ನಾನು ಸುಮ್ಮನೆ ಅವಳ ಮುಖ ನೋಡುತ್ತ ಕುಳಿತೆ.

ಆಗ ಕಂಡಿತು. ಚುಕ್ಕೆ ಒತ್ತಿ, ಹೆಬ್ಬೆರಳು ಎರಡು ಸಲ ಬಡಿಯುವ ಆ ಒಂದು ಗಳಿಗೆಯಲ್ಲಿ ಅವಳ ಕಣ್ಣು ಮುಂದಿನ ವಾಕ್ಯದ ಮೇಲೆ ಹಾರಿ ಅರ್ಧ ಸಾಲನ್ನು ಹೆಕ್ಕಿಕೊಂಡು ಬರುತ್ತಿತ್ತು. ಆಮೇಲಿನ ಐದಾರು ಪದಗಳನ್ನು ಅವಳು ಹಾಳೆ ನೋಡದೆಯೇ ಹೊಡೆಯುತ್ತಿದ್ದಳು, ಪಟಪಟ ಪಟಪಟ. ಕಾಮಾದಲ್ಲಿ ಒಂದು ಸಣ್ಣ ನೋಟ, ಮತ್ತೆ ಓಟ. ನಾನು ಓದಿ ಹೇಳುತ್ತಿದ್ದಾಗ ಅವಳು ನನ್ನ ಬಾಯಿಗೆ ಕಾಯುತ್ತಿದ್ದಳು, ಹಾಗಾಗಿ ಅದು ಕಾಣಿಸಿಯೇ ಇರಲಿಲ್ಲ. ಹೊತ್ತು ತಿನ್ನುತ್ತದೆಂದು ನಾನು ಕಿತ್ತು ಹಾಕಿಸಿದ್ದ ಜಾಗದಲ್ಲೇ ಅವಳ ವೇಗವಿತ್ತು.

ಸರ್‌ಗೆ ಹೇಳಿದೆ. ಅವರು ನಕ್ಕರು, ಹಿಂದಿಯಲ್ಲಿ ಅಂದರು: "ನಾನು ನಲವತ್ತು ವರ್ಷದಿಂದ ಅದನ್ನೇ ಹೇಳುತ್ತಿದ್ದೇನೆ ಬೇಟಾ." ನನಗೆ ರೇಗಿತು. ಅವರು ಹೇಳಿದ್ದು 'ದೋನ್ ಸ್ಪೇಸ್' ಎಂದಷ್ಟೇ. ಯಾಕೆ ಎಂದು ಒಂದು ಸಲವಾದರೂ ಬಾಯಿ ಬಿಟ್ಟಿದ್ದರೆ ನಾನು ಅಷ್ಟು ಅನಾಹುತ ಮಾಡುತ್ತಿರಲಿಲ್ಲ. ಹಿರಿಯರು ಕಾರಣ ಹೇಳುವುದಿಲ್ಲ, ಕಿರಿಯರು ಕೇಳುವುದಿಲ್ಲ. ಈ ಎರಡರ ನಡುವೆ ನಮ್ಮ ಮನೆ ಹೆಚ್ಚುಕಡಿಮೆ ಗದಗಿನ ರೈಲು ಹತ್ತಿತ್ತು.

ಅಂದಿನಿಂದ ಓದಿ ಹೇಳುವುದನ್ನು ಬಿಟ್ಟೆವು. ಚುಕ್ಕೆ ಬಂದ ಕೂಡಲೇ ಕಣ್ಣು ಮುಂದಕ್ಕೆ, ಇದೊಂದನ್ನೇ ಅಭ್ಯಾಸ ಮಾಡಿದೆವು. ನಾನು ಗಡಿಯಾರ ಹಿಡಿದು ಕೂರುತ್ತಿದ್ದೆ. ಇಪ್ಪತ್ತೆಂಟು. ಮೂವತ್ತೊಂದು. ದೀಪಾವಳಿಯ ಫರಾಳದ ತಿಂಡಿಗಳು ಮುಗಿಯುವ ಹೊತ್ತಿಗೆ ಮೂವತ್ತಾರು, ಒಂದೂ ತಪ್ಪಿಲ್ಲದೆ. ಅವ್ವ ಹಾಳೆ ಎಳೆದು ಮೇಲಕ್ಕೆತ್ತಿ ಹಿಡಿದು, "ನೋಡಲೇ!" ಎಂದಳು. ಅಪ್ಪ ಹೋದ ಮೇಲೆ ಅವಳು ಹಾಗೆ ಗಟ್ಟಿ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು.

ಆಗಿನ ಪರೀಕ್ಷೆಗೆ ಮಷೀನನ್ನು ನಾವೇ ಒಯ್ಯಬೇಕಿತ್ತು. ಸರ್ ತಮ್ಮ ಎಲ್ಲಕ್ಕಿಂತ ಒಳ್ಳೆಯ ಟೈಪ್‌ರೈಟರಿಗೆ ಹೊಸ ರಿಬ್ಬನ್ ಹಾಕಿ, ಎಣ್ಣೆ ಬಿಟ್ಟು, ಚಾದರದಲ್ಲಿ ಕಟ್ಟಿ ಕೊಟ್ಟರು. ಮಹಾಲ್‌ನಿಂದ ಸಿವಿಲ್ ಲೈನ್ಸ್ ತನಕ ಆಟೋದಲ್ಲಿ ಆ ಕಬ್ಬಿಣದ ಗಂಟು ನನ್ನ ತೊಡೆಯ ಮೇಲಿತ್ತು. ಗುಂಡಿ ಬಂದಾಗಲೆಲ್ಲ ಅವ್ವ, "ಹಳೂ ಭೈಯಾ, ಜರಾ ಹಳೂ!" ಎಂದು ನಿಧಾನಿಸಲು ಕೂಗುತ್ತಿದ್ದಳು. ತೊಡೆಯಲ್ಲಿ ಬಿದ್ದ ಬರೆ ವಾರಗಟ್ಟಲೆ ಮಾಯಲಿಲ್ಲ. ನನಗದು ಹೆಮ್ಮೆಯ ಬರೆ.

ಹತ್ತು ನಿಮಿಷದ ಪರೀಕ್ಷೆ. ನಾನು ಹೊರಗೆ ವರಾಂಡದಲ್ಲಿ, ಕಿಟಕಿಯ ಕೆಳಗೆ ನಿಂತೆ. ಒಳಗೆ ಇಪ್ಪತ್ತು ಮಷೀನುಗಳು ಒಮ್ಮೆಲೇ ಬಡಿದುಕೊಳ್ಳತೊಡಗಿದವು. ಆ ಗದ್ದಲದಲ್ಲಿ ಒಂದು ಮಷೀನು ಮಾತ್ರ ಓಡುತ್ತಿತ್ತು, ಒಂದು ಕ್ಷಣ ನಿಂತು ಎರಡು ಸಲ ಬಡಿಯುತ್ತಿತ್ತು, ಮತ್ತೆ ಓಡುತ್ತಿತ್ತು. ಅಷ್ಟು ಮಷೀನುಗಳಲ್ಲಿ ಒಂದರ ಸದ್ದು ಹೇಗೆ ಕೇಳೀತು ಎಂದು ಈಗ ನನ್ನ ಮಕ್ಕಳು ನಗುತ್ತಾರೆ. ಕೇಳಿಸಿತು. ನಾನು ಯಾರ ಮುಂದೆ ಬೇಕಾದರೂ ವಾದಿಸುತ್ತೇನೆ.

ಎರಡು ವಾರಕ್ಕೆ ಬೋರ್ಡಿನ ಮೇಲೆ ಪಟ್ಟಿ ಬಂತು, ಅದರಲ್ಲಿ ಮೇಲಿನಿಂದ ಎರಡನೆಯ ಹೆಸರು ಅವ್ವನದು. ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವರು ಕೆಳಗಿದ್ದರು. ನಾನು ಆ ಸರಕಾರಿ ವರಾಂಡದಲ್ಲಿ, ಫೈಲು ಹಿಡಿದು ಓಡಾಡುವವರ ನಡುವೆ ಸೀಟಿ ಹೊಡೆದೆ. ಅವ್ವ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು, ಆಮೇಲೆ ತಾನೇ ನಕ್ಕಳು. ಸಂಜೆ ದೊಡ್ಡಪ್ಪನಿಗೆ ಅವಳೇ ಫೋನು ಮಾಡಿ, ರೈಲಿನ ಚಿಂತೆ ಬಿಡ್ರಿ, ಬೇಸಿಗಿ ರಜಾಕ್ಕ ನೀವs ಇಲ್ಲಿಗೆ ಬರ್ರಿ ಎಂದಳು. ಸರ್‌ಗೆ ಒಂದು ಸೇರು ಪೇಡೆ ಒಯ್ದೆವು. ಅವರು ಪಟ್ಟಿಯ ವಿಷಯ ಬಿಟ್ಟು, ಮಷೀನಿಗೇನೂ ಪೆಟ್ಟಾಗಿಲ್ಲವಲ್ಲ ಎಂದು ಕೇಳಿದರು.

ತಿಂಗಳಾದ ಮೇಲೆ ಒಂದು ಸಂಜೆ ಅವ್ವ ಕಚೇರಿಯಿಂದ ತಡವಾಗಿ ಬಂದಳು. ಚಪ್ಪಲಿ ಬಿಡುವ ಮೊದಲೇ ಚೀಲದಿಂದ ಒಂದು ಹಾಳೆ ತೆಗೆದು ನನ್ನ ಕೈಗಿಟ್ಟಳು. ಅವಳ ನೌಕರಿ ಖಾಯಂ ಆದ ಆದೇಶ ಅದು. ಸೆಕ್ಷನ್ನಿನಲ್ಲಿ ಟೈಪಿಂಗ್ ಎಲ್ಲ ಅವಳ ಮೇಜಿಗೇ ಬರುತ್ತಿತ್ತು. ಸಾಹೇಬರು ಕೈಬರಹದ ಕರಡನ್ನು ಉಳಿದ ಕಾಗದಗಳ ಜೊತೆ ಅವಳಿಗೇ ಕಳಿಸಿದ್ದರು, ಯಾರದೆಂದು ನೋಡಿಯೂ ಇರಲಿಕ್ಕಿಲ್ಲ. ನಾಲ್ಕು ಕಾರ್ಬನ್ ಇಟ್ಟು ಅವಳು ಅದನ್ನು ಟೈಪ್ ಮಾಡಿದ್ದಳು. ಒಂದು ಅಕ್ಷರವನ್ನೂ ಅಳಿಸಿರಲಿಲ್ಲ, ಕಾಮಾ ಚುಕ್ಕೆಗಳೆಲ್ಲ ಅವುಗಳ ಜಾಗದಲ್ಲಿದ್ದವು.

"ನಿನ್ನ ಆರ್ಡರ್ ನೀನs ಹೊಡದಿ?" ಎಂದೆ.

ಅವ್ವ ಹಾಳೆಯ ಕೆಳಗಿನ ಸಹಿಯ ಮೇಲೆ ಬೆರಳಿಟ್ಟಳು.

"ಇದಿಷ್ಟs ಸಾಹೇಬರದು" ಎಂದಳು. "ಮ್ಯಾಲಿಂದೆಲ್ಲಾ ನನ್ನ ಕೈಯದು."