ಅಣ್ಣ ಕಟ್ಟಿದ ಎಂಜಿನ್

ಆ ಕಾರು ನೆನಪಾದರೆ ಇವತ್ತಿಗೂ ನನ್ನ ಬಲಗಾಲನ್ನು ಕಡಿದು ಹಾಕಬೇಕು ಎನ್ನುವಷ್ಟು ಸಿಟ್ಟು ಬರುತ್ತದೆ.

ಹಿಂದವಾಡಿಯ ಸಾಹುಕಾರರೊಬ್ಬರ ಹಳೇ ವಿಲಾಯತಿ ಕಾರು. ಎರಡೇ ಸೀಟು, ಮೇಲೆ ಟಾಪಿಲ್ಲ. ಆಟೋ ನಗರದ ನಮ್ಮ ಗ್ಯಾರೇಜಿನಲ್ಲಿ ಅಣ್ಣ ಅದರ ಎಂಜಿನ್ ಬಿಚ್ಚಿ, ಸಿಲಿಂಡರ್ ಕೊರೆಸಿ ಬೋರ್ ಮಾಡಿಸಿ, ಹೊಸ ಪಿಸ್ಟನ್ ಕೂಡಿಸಿ ಮಳೆಗಾಲವೆಲ್ಲ ಕೂತು ಕಟ್ಟಿದ್ದ. ಹಾಗೆ ಕಟ್ಟಿದ ಎಂಜಿನ್ನನ್ನು ಪಳಗುವವರೆಗೆ ಜೋರಾಗಿ ಓಡಿಸಬಾರದು. ಬಿಸಿಗೆ ಪಿಸ್ಟನ್ ಹಿಗ್ಗಿ ಸಿಲಿಂಡರಿನೊಳಗೆ ಹಿಡಿದುಕೊಳ್ಳುತ್ತದೆ. ಏಳನೆಯ ತರಗತಿಗೆ ಶಾಲೆ ಬಿಟ್ಟ ನನಗೆ ಗೊತ್ತಿರುವ ವಿದ್ಯೆ ಇದೊಂದೇ. ಆದರೂ ನಾನು ಟ್ರಯಲ್‌ಗೆ ಹೊರಟಾಗ ಅಣ್ಣ ಹೇಳಿದ: “ಎಮ್ಮಿ ಹೊಡ್ಕೊಂಡ ಹೋದಂಗ ಹೋಗಿ ಬಾ. ಆಮ್ಯಾಲ ನಾ ಒಂದ ಸುತ್ತ ಹೊಡೀತೀನಿ.”

ಖಾನಾಪುರದವರೆಗೆ ಹಾಗೆಯೇ ಹೋದೆ. ಮುಂದೆ ಲೋಂಡಾ ಕಡೆಯ ಕಾಡಿನ ತಿರುವುಗಳು. ಕೈ ಚಾಚಿದರೆ ಡಾಂಬರು ಸಿಗುವಷ್ಟು ತಗ್ಗು ಸೀಟು. ತೆಳ್ಳನೆಯ ಸ್ಟೇರಿಂಗ್‌ನಲ್ಲಿ ರಸ್ತೆಯ ಒಂದೊಂದು ಹರಳೂ ಅಂಗೈಗೆ ತಿಳಿಯುತ್ತಿತ್ತು. ತಿರುವಿನಲ್ಲಿ ಹಿಂದಿನ ಗಾಲಿ ಚೂರು ಜಾರಿದರೆ ಮೊದಲು ಸೊಂಟಕ್ಕೇ ಗೊತ್ತಾಗುತ್ತಿತ್ತು. ಎಕ್ಸಿಲರೇಟರ್ ಒತ್ತಿದೆ. ಕಾರ್ಬೊರೇಟರ್‌ಗಳು ಗಾಳಿ ಹೀರುವ ಸದ್ದಿಗೆ ಮೈ ಜುಮ್ಮೆಂದಿತು. ಕಾಲು ತೆಗೆಯಬೇಕಿತ್ತು. ತೆಗೆಯಲಿಲ್ಲ. ಇನ್ನೂ ಒತ್ತಿದೆ, ಇನ್ನೂ ಎಳೆಯಿತು. ಏರಿನಲ್ಲಿ ಎಂಜಿನ್ ಕಿರ್ರೆಂದು ಹಿಡಿದುಕೊಂಡಿತು. ಕಾರು ಗಾಲಿ ಉಜ್ಜಿಕೊಂಡು ನಿಂತಿತು.

ಗ್ಯಾರೇಜಿಗೆ ಎಳೆಸಿ ತಂದು ಬಿಚ್ಚಿದಾಗ ಪಿಸ್ಟನ್ ತುಂಬ ಗೀರು. “ಬಿಗಿ ಕೂಡಿಸಿದ್ರೂ ಹಿಂಗ ಆಗತೈತಿ, ಜೋರ ಓಡಿಸಿದ್ರೂ ಹಿಂಗ ಆಗತೈತಿ,” ಎಂದ ಅಣ್ಣ. “ಖರೇ ಹೇಳು, ಒತ್ತಿದೇನು?”

“ಇಲ್ಲಣ್ಣ. ಎಮ್ಮಿಗಿಂತ ಹಗೂರ ಹೋಗೇನಿ. ನೀನ ಬಿಗಿ ಕೂಡಿಸಿರಬೇಕು.”

ನಂಬಿದ. ಅದೇ ನನ್ನನ್ನು ಸುಡುವುದು, ನಂಬಿಬಿಟ್ಟ. ಸಾಹುಕಾರರು ಎಲ್ಲರೆದುರು, “ಟ್ರ್ಯಾಕ್ಟರ್ ರಿಪೇರಿ ಮಾಡ್ಕೊಂಡ ಇರಬೇಕಪಾ, ನಿನಗ್ಯಾಕ ಬೇಕಿತ್ತ ಇಂಥಾ ಗಾಡಿ?” ಎಂದು ಕಾರನ್ನು ಎತ್ತಿಸಿಕೊಂಡು ಹೋದರು. ನಾನು ನಟ್ಟು ಬಿಚ್ಚುವ ಪಾನಾ ಒರೆಸುತ್ತ ನಿಂತಿದ್ದೆ, ಹೇಡಿಯ ಹಾಗೆ. ಅಂದಿನಿಂದ ಅಣ್ಣ ಎಂಜಿನ್ ಮುಟ್ಟಲಿಲ್ಲ. ಬ್ರೇಕು, ಕ್ಲಚ್ಚು, ಅಷ್ಟೇ. ಎಂಜಿನ್ ಕೆಲಸ ಬಂದರೆ, “ನನ್ನ ಕೈ ಮ್ಯಾಲ ನನಗ ನಂಬಿಗಿಲ್ರಿ,” ಎಂದು ಬಾಜೂ ಗ್ಯಾರೇಜಿಗೆ ಕಳಿಸುತ್ತಿದ್ದ.

ಮೊನ್ನೆ ಬಂದ ಗಿರಾಕಿಗೂ ಹಾಗೇ ಅಂದ. ನನಗೆ ತಡೆಯಲಾಗಲಿಲ್ಲ. ಗಿರಾಕಿಯ ಎದುರೇ ಕೂಗಿದೆ: “ನಿನ್ನ ಕೈಗೇನೂ ಆಗಿಲ್ಲ! ಅವತ್ತ ಒತ್ತಿದಾಂವ ನಾನು!”

ಅಣ್ಣ ನನ್ನ ಮುಖ ನೋಡಿದ. “ಹೆಂಗ ಓಡತಿತ್ತು?”

“ಭಾಳ ಚಲೋ ಎಳೀತಿತ್ತಣ್ಣ. ಬಿಡಾಕ ಮನಸ್ಸ ಆಗಲಿಲ್ಲ.”

“ಅಂದ್ರ ನಾ ಬರೋಬ್ಬರಿ ಕಟ್ಟಿದ್ನಿ.” ಕೈಯಲ್ಲಿದ್ದ ಪಾನಾವನ್ನು ನನ್ನ ಕಾಲ ಬುಡಕ್ಕೆ ಒಗೆದ. “ಹಲ್ಕಟ್, ನಡಿ ಹೊರಗ!” ಆಮೇಲೆ ಗಿರಾಕಿಯ ಕಡೆ ತಿರುಗಿ, “ಎಂಜಿನ್ನಿಗೆ ಏನಾಗೇತ್ರಿ? ಒಳಗ ತರ್ರಿ ಗಾಡಿ,” ಎಂದ.

ಆ ಗಿರಾಕಿಯ ಎಂಜಿನ್ ಹತ್ತಿರ ಅಣ್ಣ ನನ್ನನ್ನು ಬಿಟ್ಟಿಲ್ಲ. ಬಿಡಲೂಬಾರದು.